ಸಸ್ಯಾಹಾರಿಗಳ ದೋಣಿಯಲ್ಲಿ ಬಾಸ್ ಮೀನು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ನ್ಯೂಜೆರ್ಸಿಯ ಹೋಪಟ್ಕಾಂಗ್ ಸರೋವರದಲ್ಲಿ, ಅದೇ ರಾಜ್ಯದ ಊರಾದ ಕೆಂಡಲ್ ಪಾರ್ಕ್‌ನ ಧಾರವಾಡ ಮೂಲದ ಅಂಕಲ್-ಆಂಟಿ ದಂಪತಿಗಳ ದೋಣಿಯಿಂದ ಇದನ್ನು ಬರೆಯುತ್ತಿದ್ದೇನೆ. ಅಂಕಲ್ ಸಸ್ಯಾಹಾರಿಗಳು; ಬಾಸ್ ಮೀನನ್ನು ಹಿಡಿದು ಮರಳಿ ನೀರಿಗೆ ಬಿಡುತ್ತಾರೆ. ಅವರು ಗಾಳಕ್ಕೆ ಸಿಕ್ಕಿಸುವುದೂ ರಬ್ಬರ್ ಹುಳವನ್ನೇ.

“ಜೀವಂತ ಹುಳಾ ಚುಚ್ಚಿದ್ರ ಪಾಪ ಬರ್ತದ,” ಎಂದರು ಅಂಕಲ್.

“ಮೀನಿಗೆ ಚುಚ್ಚಿದ್ರ ಬರೂದಿಲ್ಲೇನ್ರಿ?” ಎಂದು ಆಂಟಿ ನಕ್ಕರು.

ಅಷ್ಟರಲ್ಲಿ ಸಿಕ್ಕ ಮೀನು ಗಾಳವನ್ನು ಗಂಟಲಿನವರೆಗೆ ನುಂಗಿತ್ತು. ಅಂಕಲ್ ಕೈ ಒದ್ದೆ ಮಾಡಿಕೊಂಡು, ಇಕ್ಕಳದಿಂದ ಗಾಳ ಬಿಡಿಸಿ, ಮೀನನ್ನು ನೀರಿನೊಳಗೆ ನೇರವಾಗಿ ಹಿಡಿದರು. ಅದು ಅಲುಗಲಿಲ್ಲ. ಆಂಟಿಯ ನಗು ನಿಂತಿತು.

“ಕಮಾನ್, ಈಜಪ್ಪಾ ಈಜು,” ಎಂದು ಅಂಕಲ್ ಗೋಗರೆದರು.

ಬಹಳ ಹೊತ್ತಿನ ಮೇಲೆ ಬಾಲ ಬಡಿದು, ಮೀನು ಆಳಕ್ಕಿಳಿಯಿತು.

ಆಂಟಿ ಟವೆಲ್ ಕೊಟ್ಟರು. ಅಂಕಲ್ ಕೈ ಒರೆಸಿಕೊಂಡು, ಗಾಳವನ್ನು ಮತ್ತೆ ಎಸೆಯದೆ, ದೋಣಿಯನ್ನು ದಡದತ್ತ ತಿರುಗಿಸಿದರು.