ಹಡಗಿಗೆ ಮೊದಲು ಹೆಸರು ಹೇಳಿದವರು

ದೃಷ್ಟಿ ತೆಗೆದ ಮೆಣಸಿನಕಾಯಿ ಘಾಟು ಬಾರದಿದ್ದರೆ ಮನೆಯವರೆಲ್ಲ ‘ನೋಡು, ಎಷ್ಟು ದೃಷ್ಟಿಯಾಗಿತ್ತು’ ಎನ್ನುತ್ತಾರೆ. ಮೆಣಸಿನಕಾಯಿ ಹಳೆಯದಾಗಿತ್ತು ಎನ್ನುವವಳು ನಾನು. ಈ ವಿಷಯದಲ್ಲಿ ನನ್ನ ಬಾಯಿ ಸ್ವಲ್ಪ ಜೋರೇ. ಆದ್ದರಿಂದ ಮುಂದಿನದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ಮೊದಲು ನಗುತ್ತಿದ್ದವಳು ನಾನೇ.

ನನ್ನ ಕಚೇರಿ ಡಚ್ಚರ ನಾಡಿನ ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬ ಊರಿನಲ್ಲಿದೆ. ಹಡಗುಗಳ ನಕ್ಷೆ ತೆಗೆಯುವುದು ಕೆಲಸ. ಕೆಲವು ವರ್ಷಗಳ ಹಿಂದೆ, ಹತ್ತಿರದ ಹಡಗುಕಟ್ಟೆಯೊಂದರಲ್ಲಿ ಯುದ್ಧಕಾಲದ ಹಳೆಯ ನೌಕೆಯನ್ನು ದುರಸ್ತಿ ಮಾಡುತ್ತಿದ್ದ ನಿವೃತ್ತರ ಗುಂಪಿಗೆ ಶನಿವಾರಗಳಂದು ನೆರವಾಗುತ್ತಿದ್ದೆ. ಸಮುದ್ರದಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ಹುಡುಕಿ ತೆಗೆಯುತ್ತಿದ್ದ ಸಣ್ಣ ನೌಕೆ ಅದು. ಯುದ್ಧದ ಗಡಿಬಿಡಿಯಲ್ಲಿ ಕಟ್ಟಿದ್ದರಿಂದ ಅದಕ್ಕೆ ಹೆಸರೇ ಇಟ್ಟಿರಲಿಲ್ಲ, ಬರೀ ನಂಬರು. ಅದೇ ನೌಕೆಯಿಂದ ಸಮುದ್ರದ ಪಾಲಾದ ಹತ್ತೊಂಬತ್ತರ ನಾವಿಕನ ಹೆಸರನ್ನು ಈಗ ಇಡುವುದೆಂದು ತೀರ್ಮಾನವಾಗಿತ್ತು. ಅವನ ಹೆಸರು ಹೆಂಕ್. ದೇಹ ಸಿಕ್ಕಿರಲಿಲ್ಲ, ಗೋರಿಯೂ ಇರಲಿಲ್ಲ. ಅವನವರೆಂದು ಉಳಿದಿದ್ದವರು ತಂಗಿ ರಿಯಾ ಒಬ್ಬರೇ. ತೊಂಬತ್ತು ದಾಟಿದ ಅವರು ಸುಮಾರು ಐವತ್ತು ಕಿಲೋಮೀಟರ್ ದೂರದ ಯುಟ್ರೆಕ್ಟ್‌ನಲ್ಲಿ ಒಂಟಿಯಾಗಿ ಇದ್ದರು.

ಇಲ್ಲಿ ಹಡಗಿಗೆ ಹೆಸರಿಡುವವರು ಸಾಮಾನ್ಯವಾಗಿ ಹೆಂಗಸರು. ಹೆಸರನ್ನು ಬಟ್ಟೆಯಿಂದ ಮುಚ್ಚಿಟ್ಟಿರುತ್ತಾರೆ. ಆಕೆ ಹೆಸರು ಹೇಳಿ, ಹಗ್ಗಕ್ಕೆ ಕಟ್ಟಿದ ಷಾಂಪೇನ್ ಬಾಟಲಿಯನ್ನು ಹಡಗಿನ ಮೂತಿಗೆ ಬಿಡುತ್ತಾಳೆ. ಬಾಟಲಿ ಒಡೆದರೆ ಹೆಸರು ನಿಂತಂತೆ. ಅಲ್ಲಿಯವರೆಗೆ ಆ ಹೆಸರನ್ನು ಹಡಗಿನ ಹತ್ತಿರ ಯಾರೂ ಬಾಯಿಬಿಟ್ಟು ಹೇಳಕೂಡದೆಂದು ನಮ್ಮ ಗುಂಪಿನ ಅಧ್ಯಕ್ಷರು ಕಟ್ಟಪ್ಪಣೆ ಮಾಡಿದ್ದರು. ಅದು ರಿಯಾ ಅವರಿಗೋಸ್ಕರ. ಅಣ್ಣ ಯುದ್ಧಕ್ಕೆಂದು ಮನೆ ಬಿಟ್ಟ ಬೆಳಿಗ್ಗೆ, ಆಗ ಪುಟ್ಟ ಹುಡುಗಿಯಾಗಿದ್ದ ಅವರು ಯಾವುದಕ್ಕೋ ಮುನಿಸಿಕೊಂಡು ಕೂತಿದ್ದರಂತೆ. ಅವನು ಬೀದಿಯಿಂದ ಎರಡು ಸಲ ಕರೆದರೂ ಓಗೊಡಲಿಲ್ಲವಂತೆ. ಈಗ ತಾನು ಎಲ್ಲರಿಗಿಂತ ಮೊದಲು ಅವನನ್ನು ಹೆಸರು ಹಿಡಿದು ಕರೆಯಬೇಕು, ಬೇರೇನೂ ಬೇಡ ಎಂದು ಅವರು ಒಮ್ಮೆ ಕಾಫಿ ಕುಡಿಯುತ್ತ ನನಗೆ ಹೇಳಿದ್ದರು.

ಸಮಾರಂಭದ ಹಿಂದಿನ ದಿನ ಸಂಜೆ ನಮ್ಮ ಗುಂಪಿನವರ ಮನೆಮಂದಿಗೆಲ್ಲ ಹಡಗು ನೋಡಲು ಬಿಟ್ಟಿದ್ದರು. ಗದಗದಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ನಮ್ಮ ಅತ್ತೆಯನ್ನು ಕರೆದುಕೊಂಡು ಹೋದೆ. ಹೆಲ್ಮೆಟ್ಟು ಹಿಂತಿರುಗಿಸಲು ಹೋಗಿ ಬರುವಷ್ಟರಲ್ಲಿ, ಐದೇ ನಿಮಿಷ, ಅವರು ಮೂತಿಯ ಪಕ್ಕದ ಅಟ್ಟಣಿಗೆಯಿಂದ ಸೀರೆ ಹಿಡಿದುಕೊಂಡು ಇಳಿಯುತ್ತಿದ್ದರು. ಲಂಗರಿನ ಸರಪಳಿ ಇಳಿಯುವ ತೂತಿನ ಅಂಚಿನಲ್ಲಿ ಕುಂಕುಮ ಕಂಡಿತು. ಯಾರೂ ನೋಡುವ ಮೊದಲು ಕರ್ಚೀಫಿನಿಂದ ಒರೆಸಿದೆ. ಕಾರಿನಲ್ಲಿ ಕೂತ ಮೇಲೆ ಅವರೇ ಬಾಯಿಬಿಟ್ಟರು.

“ಬಾಟ್ಲಿ ಒಡದ್ರ ಹೆಸರು ಇಟ್ಟಂಗ ಆಗತೈತೇನು? ಕಿವ್ಯಾಗ ಯಾರೂ ಹೇಳಿಲ್ಲ. ಅದಕ್ಕ ನಾನ ಕುರ್ರ್ ಅಂದು, ಹೆಂಕಪ್ಪಾ ಅಂತ ಹೇಳಿ ಬಂದೆ.”

ನಮ್ಮ ಕಡೆ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುತ್ತಾಳೆ. ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಸರಪಳಿಯ ತೂತನ್ನು ಅತ್ತೆ ಹಡಗಿನ ಕಿವಿ ಎಂದುಕೊಂಡಿದ್ದರು. ಊಟಕ್ಕೆ ಕೂತಾಗ ಹೆಸರನ್ನು ಮನೆಯಲ್ಲಿ ಹೇಳಿದ ತಪ್ಪು ನನ್ನದೇ. ನನಗೆ ಸಿಟ್ಟೂ ಬಂತು, ನಗೂ ಬಂತು. ಯಾರಿಗೂ ಗೊತ್ತಾಗುವುದಿಲ್ಲ ಬಿಡು ಎಂದುಕೊಂಡೆ.

ಮರುದಿನ ಹನ್ನೊಂದು ಗಂಟೆಗೆ, ಒಳ್ಳೆಯ ಬಿಸಿಲಿನಲ್ಲಿ, ರಿಯಾ ‘ಹೆಂಕ್’ ಎಂದು ಹೇಳಿ ಬಾಟಲಿ ಬಿಟ್ಟರು. ಅದು ಟಣ್ ಎಂದು ಹಿಂದೆ ಬಂತು. ಎರಡನೆಯ ಸಲವೂ ಹಾಗೆಯೇ, ಮೂರನೆಯ ಸಲವೂ ಹಾಗೆಯೇ. ಸುಲಭವಾಗಿ ಒಡೆಯಲೆಂದು ಬಾಟಲಿಗೆ ಮೊದಲೇ ಗೀರು ಹಾಕುವ ಕೆಲಸ ನನ್ನದಾಗಿತ್ತು. ಪರೀಕ್ಷೆಗೆಂದು ಗೀರಿದ ಎರಡೂ ಬಾಟಲಿ ಮೊದಲ ಏಟಿಗೇ ಚೂರಾಗಿದ್ದವು. ಅಧ್ಯಕ್ಷರು ತಾವೇ ಬೀಸಲು ಮುಂದೆ ಬಂದಾಗ ರಿಯಾ ಬೇಡವೆಂದು ಕೈ ಅಡ್ಡ ಹಿಡಿದರು. ಅವರ ತೋಳು ಹಿಡಿದು ನಿಂತಿದ್ದವಳು ನಾನು. ಅವರು ನನ್ನತ್ತ ಬಾಗಿ ಡಚ್ಚಿನಲ್ಲಿ ಮೆಲ್ಲಗೆ ಹೇಳಿದರು:

“ಅವನಿಗೆ ಆಗಲೇ ಹೇಳಿಬಿಟ್ಟಿದ್ದಾರೆ. ನಿನ್ನೆ ಸಂಜೆ ನಮ್ಮ ಮನೆಯ ಅಡುಗೆಮನೆಯಲ್ಲಿದ್ದಾಗ ನನಗೆ ಕೇಳಿಸಿತು. ಒಬ್ಬ ಹೆಂಗಸು. ಮೊದಲು ಪಾರಿವಾಳ ಕರೆದ ಹಾಗೆ ಗಂಟಲಿನಲ್ಲಿ ಸದ್ದು ಮಾಡಿದಳು, ಆಮೇಲೆ ಅವನ ಹೆಸರು.”

ಅವರಿಗೆ ಸಿಟ್ಟಿರಲಿಲ್ಲ. ಕೇಳಿದ್ದು ಒಂದೇ: ಆಕೆ ಕರೆದಾಗ ಅವನು ಓಗೊಟ್ಟನೇ? ನನಗೇನೂ ಗೊತ್ತಿಲ್ಲ, ನಿನ್ನೆ ಅಂಥವರು ಯಾರೂ ಬಂದಿರಲಿಲ್ಲ ಎಂದು ಸುಳ್ಳು ಹೇಳಿದೆ. ಅವರು ತೋಳು ಬಿಡಿಸಿಕೊಂಡು, ಬಾಟಲಿಯನ್ನು ಹಾಗೇ ಬಿಡಿ ಎಂದು ಅಧ್ಯಕ್ಷರಿಗೆ ಹೇಳಿದರು. ಬಟ್ಟೆ ಸರಿಸಿದರು, ಜನ ಚಪ್ಪಾಳೆ ತಟ್ಟಿದರು. ಕರೆಯುವ ಸರದಿ ತಪ್ಪಿಹೋದ ತಂಗಿ ಕುರ್ಚಿಯಲ್ಲಿ ಕೂತರು. ಆ ಚಪ್ಪಾಳೆ ನನಗೆ ಕಪಾಳಕ್ಕೆ ಬಿದ್ದಂತಿತ್ತು.

ಆಮೇಲೆ ನನ್ನ ತಲೆ ಪೊಲೀಸರ ತಲೆಯಾಯಿತು. ರಿಯಾ ಅವರಿಗೆ ಯಾರು ಹೇಳಿರಬಹುದು? ಅತ್ತೆಗೆ ಡಚ್ಚು ಬಾರದು, ಫೋನು ಹಚ್ಚಲೂ ಬಾರದು. ನನ್ನ ಗಂಡ ಆ ದಿನ ದ ಹೇಗ್‌ನಲ್ಲಿದ್ದರು. ಕೇಳಿದರೆ, ನನಗೆ ಬೇರೆ ಕೆಲಸ ಇಲ್ಲವೇನು ಎಂದರು. ಗೇಟಿನ ಕಾವಲುಗಾರನನ್ನು ಸುತ್ತಿ ಬಳಸಿ ವಿಚಾರಿಸಿದೆ. ಅಟ್ಟಣಿಗೆ ಅವನು ಕೂತಲ್ಲಿಂದ ಕಾಣುವುದೇ ಇಲ್ಲ. ಬಾಟಲಿಯನ್ನು ಮನೆಗೆ ತಂದು ಬೆಳಕಿಗೆ ಹಿಡಿದು ನೋಡಿದೆ. ಗೀರುಗಳು ಇದ್ದಲ್ಲಿಯೇ ಇದ್ದವು.

ಕೊನೆಗೆ ಉಳಿದವರು ಅತ್ತೆ. ಅವರು ಚಪಾತಿ ಲಟ್ಟಿಸುತ್ತಿದ್ದರು. ಸಮಾರಂಭಕ್ಕೆ ಅವರು ಬಂದಿರಲಿಲ್ಲ. ಅಲ್ಲಿ ನಡೆದದ್ದೇನನ್ನೂ ಅವರಿಗೆ ಹೇಳದೆ, ಆ ದಿನ ಹೆಸರು ಹೇಳಿದ ಮೇಲೆ ಏನಾಯಿತು ಎಂದಷ್ಟೇ ಕೇಳಿದೆ.

“ಏನಾಗತೈತಿ? ಓ ಅಂದ,” ಎಂದರು ಅತ್ತೆ ಲಟ್ಟಣಿಗೆ ನಿಲ್ಲಿಸದೆ. “ಒಳಗ ಯಾರೋ ಕೆಲಸದವ ಇರಬೇಕು ಅಂತ ಸುಮ್ಮನಾದೆ. ಆಮ್ಯಾಲ ‘ರಿಯಾ, ರಿಯಾ’ ಅಂತ ಎರಡು ಸಲ ಅಂದ. ಹಂಗಂದ್ರ ಏನವಾ?”

ಆ ಹೊತ್ತಿಗೆ ಒಳಗೆ ಕೆಲಸದವರು ಯಾರೂ ಇರಲಿಲ್ಲ. ಹೆಲ್ಮೆಟ್ಟು ಕೊಡಲು ಹೋಗುವ ಮೊದಲೇ ಒಳಗಿನ ಬಾಗಿಲಿಗೆ ಬೀಗ ಹಾಕಿಸಿ ಸಹಿ ಮಾಡಿದವಳು ನಾನೇ.

ಮರುದಿನ ಬೆಳಿಗ್ಗೆ ಯುಟ್ರೆಕ್ಟ್‌ಗೆ ಫೋನು ಮಾಡಿ, ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿ, ಎಲ್ಲ ಹೇಳಿದೆ. ಅವನು ಎರಡು ಸಲ ಕರೆದದ್ದನ್ನೂ ಹೇಳಿದೆ, ನಾನು ನಂಬುವುದಿಲ್ಲ ಎಂಬುದನ್ನೂ ಹೇಳಿದೆ. ಆಗ ರಿಯಾ ಅವರ ದನಿ ಬಂತು. ಪುಟ್ಟ ಹುಡುಗಿಯ ದನಿಯ ಹಾಗಿತ್ತು.

“ಓ, ಇಲ್ಲೇ ಇದ್ದೀನಿ,” ಎಂದರು.

ಹೇಳಿದ್ದು ನನಗಲ್ಲ.

ರಿಯಾ ಎಂಬ ಹೆಸರನ್ನು ನಾನು ಮನೆಯಲ್ಲಿ ಯಾವಾಗಲಾದರೂ ಎತ್ತಿದ್ದೆನೇ ಎಂದು ಇವತ್ತಿಗೂ ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಎತ್ತಿರಬೇಕು. ಇಲ್ಲದಿದ್ದರೆ ಅತ್ತೆಯ ಬಾಯಿಗೆ ಅದು ಎಲ್ಲಿಂದ ಬಂತು ಎಂದು ನಾನೇ ಹೇಳಬೇಕಾಗುತ್ತದೆ, ಹೇಳಲು ನನಗೆ ಗೊತ್ತಿಲ್ಲ.