ಆಯಿಯ ಬಚ್ಚಲೊಲೆ ಮತ್ತು ಭೂಮಿಯ ಜ್ವರ

ಭೂಮಿಗೆ ಜ್ವರ ಬಂದದ್ದು ನನ್ನ ಆಯಿಯ ಬಚ್ಚಲೊಲೆಯಿಂದ ಎಂದು ಒಬ್ಬ ಮನುಷ್ಯ ಕುಮಟೆಯಲ್ಲಿ ಮೈಕ್ ಹಿಡಿದು ಹೇಳಿದ. ಹೆಸರು ಹಿಡಿದು ಹೇಳಲಿಲ್ಲ, ನಿಜ. ಆದರೆ ಸಭೆಯಲ್ಲಿ ಕೂತಿದ್ದ ಆಯಿಗೆ, ನನ್ನ ಅಮ್ಮನಿಗೆ, ಅದು ತನಗೇ ಹೇಳಿದ್ದು ಅನ್ನಿಸಿತು. ಇಷ್ಟು ವರ್ಷವಾದರೂ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ನಾನಾಗ ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ತೊಂಬತ್ತರ ದಶಕದ ಕೊನೆಗೆ ಕೆಲಸಕ್ಕೆ ಸೇರಿದಾಗ ಭೂಮಿ ಬಿಸಿಯಾಗುವ ಸಂಗತಿ ಪಾಠದ ಕೊನೆಯಲ್ಲಿ, ಪರೀಕ್ಷೆಗೆ ಬಾರದ ನಾಲ್ಕು ಸಾಲು. ಮುಂದೆ ಕೆಲವೇ ವರ್ಷಗಳಲ್ಲಿ ಅದಕ್ಕೆ ಎಂಥಾ ಯೋಗ ಬಂತು ಅಂತೀರಿ! ಪ್ರಬಂಧ ಸ್ಪರ್ಧೆಗೆ ಅದೇ, ರಂಗೋಲಿಗೆ ಅದೇ, ಛದ್ಮವೇಷಕ್ಕೂ ಅದೇ. ಹತ್ತಿ ಅಂಟಿಸಿಕೊಂಡ ಮಕ್ಕಳು ಸ್ಟೇಜಿನ ಮೇಲೆ ನಿಂತು "ನಾನು ಹಿಮ, ಕರಗುತ್ತಿದ್ದೇನೆ" ಅನ್ನುತ್ತಿದ್ದವು. ನನಗೆ ಖುಷಿಯೇ ಆಗಿತ್ತು. ಭೂಮಿ ಬಿಸಿಯಾಗುತ್ತಿರುವುದು ಸುಳ್ಳಲ್ಲ, ಜನ ಆ ಬಗ್ಗೆ ಮಾತಾಡಬೇಕು ಅಂತ ನಾನೇ ಕ್ಲಾಸಿನಲ್ಲಿ ಬಾಯಿ ಬಡಕೊಳ್ಳುತ್ತಿದ್ದವಳು. ಮಾತಾಡಿದರು ನೋಡಿ, ಚೆನ್ನಾಗಿಯೇ ಮಾತಾಡಿದರು.

ಆ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಒಂದು ಸೇವಾ ಸಂಘದವರು ಕುಮಟೆಯಲ್ಲಿ ಸಾರ್ವಜನಿಕ ಸಂವಾದ ಇಟ್ಟರು. ಭೂಮಿ ಬಿಸಿಯಾಗಲು ಕಾರಣ ಯಾರು, ಪರಿಹಾರ ಏನು ಅಂತ ವಿಷಯ. ಸಂಘದ ಅಧ್ಯಕ್ಷರು ಭಟ್ಕಳದಿಂದ ಆಚೆ ಗೋವಾದವರೆಗೆ ಲಾರಿ ಓಡಿಸುವ ಕುಳ. ಕುರ್ಚಿ ಖಾಲಿ ಕಾಣಬಾರದಲ್ಲ, ಹಳ್ಳಿಗಳ ಮಹಿಳಾ ಸಂಘಗಳಿಗೆ ಟೆಂಪೋ ಕಳಿಸಿ ಹೆಂಗಸರನ್ನು ತುಂಬಿಸಿಕೊಂಡು ಬಂದಿದ್ದರು. ನಮ್ಮೂರು ಕುಮಟೆಯಿಂದ ಒಳಗೆ, ಗದ್ದೆ ಬದಿಯ ಊರು. ಆ ಟೆಂಪೋದಲ್ಲಿ ನನ್ನ ಆಯಿಯೂ ಬಂದಿದ್ದಳು. ಅಪ್ಪ ಹೋದ ಮೇಲೆ ಅವಳು ಕುಮಟೆ ನೋಡುತ್ತಿದ್ದದ್ದೇ ಅಪರೂಪ. ಇಸ್ತ್ರಿ ಮಾಡಿದ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂತು, ಶಾಲೆಯ ಪರವಾಗಿ ಬಂದು ಸ್ಟೇಜಿನ ಪಕ್ಕದಲ್ಲಿ ಕೂತಿದ್ದ ನನ್ನನ್ನು ನೋಡಿ ನಗುತ್ತಿದ್ದಳು.

ಕರೆಂಟ್ ಇರಲಿಲ್ಲ. ಹಿಂದುಗಡೆ ಜನರೇಟರ್ ಗುಡುಗುಡು ಅಂತ ಡೀಸೆಲ್ ಕುಡಿಯುತ್ತಿತ್ತು. ಅಧ್ಯಕ್ಷರ ಕಾರು ಗೇಟಿನಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು, ಒಳಗೆ ಡ್ರೈವರ್ ಎಸಿ ಹಾಕಿಕೊಂಡು ನಿದ್ದೆ. ಸ್ಟೇಜಿನ ಮೇಲೆ ವಾದವೋ ವಾದ. ಎಲ್ಲಾ ಅಮೆರಿಕದವರ ಕೆಲಸ ಅಂದರು ಒಬ್ಬರು. ಜನಸಂಖ್ಯೆಯೇ ಕಾರಣ ಅಂದರು ಇನ್ನೊಬ್ಬರು. ಮತ್ತೊಬ್ಬರು ಇದೆಲ್ಲ ಕಲಿಗಾಲದ ಮಹಿಮೆ, ನಮ್ಮ ಕೈಯಲ್ಲಿ ಏನೂ ಇಲ್ಲ ಅಂತ ಕೈ ಎತ್ತಿಬಿಟ್ಟರು. ಲಾರಿಯ ಸುದ್ದಿ ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ.

ಕೊನೆಗೆ ಹೊರಗಿನಿಂದ ಕರೆಸಿದ ಉಪನ್ಯಾಸಕರು ಎದ್ದರು. ಪರದೆಯ ಮೇಲೆ ಚಿತ್ರ ತೋರಿಸಿದರು. ಮೊದಲು ಹಿಮದ ತುಂಡಿನ ಮೇಲೆ ನಿಂತ ಬಿಳಿ ಕರಡಿ. ಅದರ ಬೆನ್ನಿಗೇ ಊದುಗೊಳವೆ ಹಿಡಿದು ಒಲೆ ಊದುತ್ತಿರುವ ಒಬ್ಬ ಹೆಂಗಸು. "ತಾಯಂದಿರೇ, ನಿಮ್ಮ ಒಲೆಯ ಹೊಗೆಗೂ ಈ ಕರಡಿಯ ಕಣ್ಣೀರಿಗೂ ಸಂಬಂಧ ಇದೆ. ನೀವು ಸ್ನಾನಕ್ಕೆ ಅಂತ ಹಂಡೆಗಟ್ಟಲೆ ನೀರು ಕಾಯಿಸ್ತೀರಿ. ಅಲ್ಲಿ ಹಿಮ ಕರಗ್ತದೆ, ಸಮುದ್ರ ಏರ್ತದೆ. ನಾಳೆ ನಿಮ್ಮ ಮೊಮ್ಮಕ್ಕಳ ಮನೆಬಾಗಿಲಿಗೇ ಬರ್ತದೆ" ಅಂದರು. ಚಪ್ಪಾಳೆ! ಬಚ್ಚಲೊಲೆ ಆರಿಸಿದ ಮನೆಗೆ 'ಹೊಗೆಯಿಲ್ಲದ ಮನೆ' ಅಂತ ಬೋರ್ಡು ಕೊಡುವುದಾಗಿ ಅಧ್ಯಕ್ಷರು ಅಲ್ಲೇ ಘೋಷಣೆ ಮಾಡಿದರು.

ಹೊಗೆ ಕಣ್ಣಿಗೆ ಕೆಟ್ಟದ್ದು, ಎದೆಗೆ ಕೆಟ್ಟದ್ದು ಅಂದಿದ್ದರೆ ನಾನೇ ಎದ್ದು ಚಪ್ಪಾಳೆ ಹೊಡೆಯುತ್ತಿದ್ದೆ. ಆಯಿಯ ಕಣ್ಣು ಕೆಂಪಾಗಿದ್ದು ನೋಡಿಯೇ ಬೆಳೆದವಳು ನಾನು. ಆದರೆ ಇದೆಂಥಾ ನ್ಯಾಯ? ಕೈ ಎತ್ತಿ ಕೇಳಿದೆ: "ಹಿತ್ತಲಲ್ಲಿ ತಾನಾಗಿ ಬಿದ್ದ ತೆಂಗಿನ ಮಡಲು ಸುಟ್ಟರೆ ಸಮುದ್ರ ಏರ್ತದೆ, ಹೈವೇ ಮೇಲೆ ಹಗಲೂ ರಾತ್ರಿ ಓಡುವ ಲಾರಿಗೆ ಏರೋದಿಲ್ವಾ? ಈ ಜನರೇಟರಿಗೆ ಏರೋದಿಲ್ವಾ?" ಹಿಂದಿನಿಂದ ಯಾರೋ ಕಿಸಕ್ಕಂತ ನಕ್ಕರು. ಅಧ್ಯಕ್ಷರು ಮಾತ್ರ ಸಿಟ್ಟಾಗಲಿಲ್ಲ. "ಟೀಚರ್, ಒಳ್ಳೆ ಪ್ರಶ್ನೆ. ಆದ್ರೆ ಊಟ ತಣ್ಣಗಾಗ್ತದೆ" ಅಂದರು. ಸಭೆ ಮುಗಿಯಿತು.

ವಾಪಸು ಹೋಗುವಾಗ ಟೆಂಪೋ ಹತ್ತುವ ಮೊದಲು ಆಯಿ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು.

"ಆ ಕರಡಿ ಬದುಕ್ತದೆಯನೇ?"

ನಾನು ಸಿಟ್ಟಿನಲ್ಲಿದ್ದೆ. "ಬದುಕ್ತದೆ, ನೀ ಹೋಗು" ಅಂದು ಹೊನ್ನಾವರದ ಬಸ್ಸು ಹತ್ತಿದೆ.

ನಮ್ಮ ಬಚ್ಚಲೊಲೆಯ ಬಗ್ಗೆ ಹೇಳಬೇಕು. ದೊಡ್ಡ ತಾಮ್ರದ ಹಂಡೆ, ಅದರ ಕೆಳಗೆ ಒಲೆ. ಒಣಗಿ ಬಿದ್ದ ತೆಂಗಿನ ಮಡಲು, ಕಾಯಿಸಿಪ್ಪೆ, ಕಾಯಿ ತುರಿದುಳಿದ ಗೆರಟೆ, ಇಷ್ಟೇ ಅದರ ಆಹಾರ. ಒಂದು ಹಸಿ ಮರವನ್ನು ಆಯಿ ಒಲೆಗಾಗಿ ಕಡಿಸಿದ್ದು ನಾನು ಕಂಡಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗುವುದು ಅದರ ಮೇಲೆ, ಬೆಕ್ಕು ಮಲಗುವುದು ಅದರ ಪಕ್ಕ. ಯಾರೇ ಬರಲಿ, ಚಾ ಆಮೇಲೆ, ಮೊದಲು ಕಾಲಿಗೆ ಬಿಸಿನೀರು. ದೂರದಿಂದ ಬಂದವರಾದರೆ ಮಿಂದೇ ಊಟಕ್ಕೆ ಕೂರಬೇಕು. ಬಿಸಿನೀರು ಇಲ್ಲ ಅಂತ ಹೇಳುವುದೆಂದರೆ ಆಯಿಗೆ ಬಾಗಿಲು ಹಾಕಿಕೊಂಡಷ್ಟೇ ಅವಮಾನ.

ಇನ್ನು ಬಾಣಂತಿ ಮನೆಯಲ್ಲಿದ್ದರೆ ಕೇಳುವುದೇ ಬೇಡ. ಎಣ್ಣೆ ಹಚ್ಚಿ, ಹಬೆಯಾಡುವ ನೀರನ್ನು ಬೆನ್ನಿಗೆ ಸೊಂಟಕ್ಕೆ ಹೊಯ್ಯಬೇಕು. ಶಿಶುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಬೇಕು. ಬಾಣಂತಿಯನ್ನು ಮೀಯಿಸಿದವಳು ಆಮೇಲೆ ತಾನೂ ಮಿಂದೇ ಅಡುಗೆಮನೆಗೆ ಕಾಲಿಡಬೇಕು. ಅದು ನಮ್ಮಲ್ಲಿಯ ಕ್ರಮ. ಆ ವರ್ಷ ನನ್ನ ತಂಗಿ ಹೆರಿಗೆಗೆ ಬಂದಿದ್ದಳು. ಮಳೆ ಜೋರು ಹಿಡಿಯುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು.

ಒಂದು ಶನಿವಾರ ಶಾಲೆ ಮುಗಿಸಿ ಮಧ್ಯಾಹ್ನ ಮನೆಗೆ ಹೋದೆ. ಜಡಿಮಳೆ. ಹಿತ್ತಲ ಕಡೆ ಬಾವಿಗಡಗಡೆಯ ಸದ್ದು ಕೇಳಿ ಹೋಗಿ ನೋಡಿದರೆ, ಆಯಿ ಒದ್ದೆ ಸೀರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಾವಿಯ ತಣ್ಣೀರನ್ನು ತಲೆ ಮೇಲೆ ಸುರಿದುಕೊಳ್ಳುತ್ತಿದ್ದಾಳೆ. ತುಟಿ ನೀಲಿ. ನಡುನಡುವೆ ಕೆಮ್ಮು.

"ಎಂತ ಮಾಡ್ತಿದ್ದೆ ಆಯಿ? ಮರುಳು ಹಿಡ್ದದೆಯಾ ನಿಂಗೆ?"

"ಕೂಗ್ಬ್ಯಾಡ್ವೇ. ಶಿಶು ಈಗಷ್ಟೇ ಮಲಗ್ತು."

ಒಳಗೆ ಎಳೆದುಕೊಂಡು ಬಂದು ತಲೆ ಒರೆಸಿದೆ. ತಂಗಿ ಅಳುತ್ತಾ ಎಲ್ಲ ಹೇಳಿದಳು. ಸಭೆಯಿಂದ ಬಂದ ಮರುದಿನವೇ ಆಯಿ ಒಲೆ ಆರಿಸಿದ್ದಳಂತೆ. ಬಾಣಂತಿಗೆ ಬೇಕೇ ಬೇಕಲ್ಲ ಅಂತ ಅವಳಿಗೂ ಶಿಶುವಿಗೂ ಬೇಕಾದಷ್ಟೇ ನೀರು ಕಾಯಿಸಿ, ಉರಿಯುವ ಮಡಲು ಹೊರಗೆಳೆದು ನೀರು ಹಾಕಿ ನಂದಿಸುತ್ತಾಳೆ. ಅವರಿಬ್ಬರನ್ನು ಮೀಯಿಸಿ ಆದ ಮೇಲೆ ತಾನು ಬಾವಿಕಟ್ಟೆಗೆ ಹೋಗುತ್ತಾಳೆ. ಬೆಳಿಗ್ಗೆಯೂ ತಣ್ಣೀರು, ಮಧ್ಯಾಹ್ನವೂ ತಣ್ಣೀರು. ಆಷಾಢದ ಮಳೆಯಲ್ಲಿ, ಆ ವಯಸ್ಸಿನಲ್ಲಿ!

ನಾನು ವಿಜ್ಞಾನದ ಟೀಚರಲ್ಲವೇ, ಪಾಠ ಶುರು ಮಾಡಿದೆ. "ಆಯಿ, ತೆಂಗಿನಮರ ಗಾಳಿಯಿಂದ ತಗೊಂಡದ್ದನ್ನೇ ಮಡಲು ಸುಟ್ಟಾಗ ವಾಪಸ್ ಕೊಡ್ತದೆ. ಮತ್ತೆ ಹೊಸ ಮಡಲು ಬರ್ತದೆ, ಅದು ಮತ್ತೆ ತಗೋತದೆ. ಡೀಸೆಲ್ಲು, ಕಲ್ಲಿದ್ದಲು ಹಾಗಲ್ಲ. ಭೂಮಿಯೊಳಗೆ ಹೂತು ಹೋದದ್ದನ್ನು ಅಗೆದು ಸುಡೋದು ಅದು. ನಿನ್ನ ಒಲೆಗೂ ಆ ಕರಡಿಗೂ ಸಂಬಂಧ ಕಟ್ಟಿದವನಿಗೆ ತಲೆ ಸರಿ ಇಲ್ಲ."

ಆಯಿ ಸಮಾಧಾನದಿಂದ ಪೂರ್ತಿ ಕೇಳಿದಳು. ಆಮೇಲೆ ಅಂದಳು: "ನೀ ನನ್ನ ಮಗಳು, ನನ್ನ ಪರವೇ ಹೇಳ್ತೆ. ಅವರಿಗೆ ನಾ ಯಾರು? ಸುಳ್ಳು ಹೇಳಿ ಅವರಿಗೆಂತ ಆಗ್ಬೇಕು?"

ನಾನು ಬಾಯಿ ತೆರೆಯುವ ಮೊದಲೇ ಅವಳು ತೊಟ್ಟಿಲ ಕಡೆ ನೋಡಿದಳು. "ಈ ಕೂಸು ದೊಡ್ಡಾಗಿ, ಸಮುದ್ರ ಹಿತ್ತಲಿಗೆ ಬಂದ್ರೆ, ನಮ್ಮಜ್ಜಿಗೆ ಗೊತ್ತಿದ್ದೂ ಬಿಡಲಿಲ್ಲ ಅನ್ಬಾರ್ದು, ಅಲ್ದನೆ?"

ಆ ಸಭೆಯಲ್ಲಿ ಕೂತವರಲ್ಲಿ ಕಾರು ಇದ್ದವರಿದ್ದರು, ಲಾರಿ ಇದ್ದವರಿದ್ದರು, ಮನೆ ತುಂಬಾ ಎಸಿ ಇದ್ದವರಿದ್ದರು. ಅವರೆಲ್ಲ ಪಾಯಸ ಉಂಡು ಮನೆಗೆ ಹೋದರು. ಹುಟ್ಟಿದಂದಿನಿಂದ ಒಂದು ಫ್ರಿಜ್ಜು ಕೂಡ ಕೊಳ್ಳದ ನನ್ನ ಆಯಿ ಭೂಮಿಯ ಪಾಪವನ್ನು ಹೊತ್ತುಕೊಂಡು ಬಾವಿಕಟ್ಟೆಯಲ್ಲಿ ನಡುಗುತ್ತ ಕೂತಳು. ಥೂ!

ಜ್ವರ ಏರಿತು. ಕುಮಟೆಯ ಡಾಕ್ಟರು ಎದೆಯಲ್ಲಿ ಕಫ ತುಂಬಿದೆ, ಹೀಗೇ ಬಿಟ್ಟರೆ ಕೈಮೀರುತ್ತದೆ, ತಣ್ಣೀರು ಮುಟ್ಟಲೇಬಾರದು ಅಂದರು. ಆಯಿ "ಆತು, ಆತು" ಅಂತ ತಲೆ ಆಡಿಸಿದಳು. ನಾನು ಸೋಮವಾರ ಶಾಲೆಗೆ ಹೋಗಬೇಕಾಯಿತು. ಅವಳು ಮತ್ತೆ ಬಾವಿಕಟ್ಟೆಗೆ ಹೋದಳು ಅಂತ ತಂಗಿಯ ಫೋನು ಬಂತು.

ಮಗಳ ಮಾತು ನಡೆಯುವುದಿಲ್ಲ ಅಂದಮೇಲೆ, ಹೇಳಿದವರ ಬಾಯಿಂದಲೇ ಹೇಳಿಸಬೇಕು. ಉಪನ್ಯಾಸಕರು ಎಲ್ಲಿಯವರೋ, ಸಿಟ್ಟು ನುಂಗಿಕೊಂಡು ಅವರನ್ನು ಕರೆಸಿದ ಅಧ್ಯಕ್ಷರ ಮನೆಗೆ ಹೋದೆ. ಎಲ್ಲ ವಿವರಿಸಿ, "ಒಂದು ಸಲ ಬಂದು, ನಿಮ್ಮ ಒಲೆಯಿಂದ ಏನೂ ಆಗಿಲ್ಲ ಅಂತ ನನ್ನ ತಾಯಿಗೆ ಹೇಳಿ" ಅಂತ ಬೇಡಿಕೊಂಡೆ. ಹೌದು, ಬೇಡಿಕೊಂಡೆ.

ಅವರ ಮುಖ ಅರಳಿತು. "ಅಂದ್ರೆ ನಿಜವಾಗ್ಲೂ ಆರಿಸಿಬಿಟ್ಟಿದ್ದಾರಾ? ಭೇಷ್! ಒಬ್ಬರಾದರೂ ಮಾಡಿದ್ರಲ್ಲ ಟೀಚರ್!"

"ಒಬ್ಬರೇನಾ?"

"ಮತ್ತೆ? ಯಾರು ಬಿಡ್ತಾರೆ ಹೇಳಿ. ನಮ್ಮನೇಲೇ ಗೀಸರ್ ಇದ್ದೂ ಅಮ್ಮನಿಗೆ ಹಂಡೆನೀರೇ ಆಗ್ಬೇಕು. ಬರ್ತೇವೆ, ಖಂಡಿತ ಬರ್ತೇವೆ."

ನಾನು ಕೇಳಿದ್ದೇನು, ಅವರು ಕೇಳಿಸಿಕೊಂಡದ್ದೇನು! ಆ ಭಾನುವಾರ ಮೂರು ಗಾಡಿಗಳಲ್ಲಿ ಬಂದರು. ಶಾಲು, ಹಣ್ಣಿನ ಬುಟ್ಟಿ, ಫೋಟೋಗ್ರಾಫರ್, ತಗಡಿನ ಬೋರ್ಡು. ಜ್ವರದಲ್ಲಿ ಮಲಗಿದ್ದ ಆಯಿಯನ್ನು ಎಬ್ಬಿಸಿ ಜಗಲಿಯಲ್ಲಿ ನಿಲ್ಲಿಸಿದರು. ಇಡೀ ತಾಲೂಕಿಗೆ ಮಾದರಿ ಅಂತ ಭಾಷಣ. ಬಾಗಿಲ ಪಕ್ಕದ ಗೋಡೆಗೆ ಮೊಳೆ ಹೊಡೆದು ಬೋರ್ಡು ನೇತುಹಾಕಿದರು: ಹೊಗೆಯಿಲ್ಲದ ಮನೆ. "ಈಗ ಹೇಳಿ" ಅಂತ ನಾನು ಅಧ್ಯಕ್ಷರ ಬೆನ್ನ ಹಿಂದೆ ನಿಂತು ಒಂದಲ್ಲ ಹತ್ತು ಸಲ ಅಂದೆ. "ಇರಿ ಟೀಚರ್, ಫೋಟೋ ಆಗ್ಲಿ" ಅಂದರು. ಶಾಲಿನೊಳಗೆ ಆಯಿ ನಡುಗುತ್ತಿದ್ದಳು. ಆದರೂ ಕ್ಯಾಮೆರಾಗೆ ನಕ್ಕಳು.

ಫೋಟೋ ಆಯಿತು. ಗಾಡಿಯಿಂದ ಇಳಿದು ಬರುವಾಗ ಗದ್ದೆ ಬದುವಿನ ಹಾಳಿ ಮೇಲೆ ಜಾರಿದ್ದ ಅಧ್ಯಕ್ಷರ ಕಾಲಿಗೆ ಮೊಣಕಾಲವರೆಗೂ ಕೆಸರು. ಅದನ್ನು ನೋಡಿಕೊಂಡು, ಯಾರ ಮನೆಗೆ ಹೋದರೂ ಕೇಳುವಷ್ಟೇ ಸಲೀಸಾಗಿ ಅವರು ಕೇಳಿದರು:

"ಅಮ್ಮಾ, ಕಾಲಿಗೆ ಒಂಚೂರು ಬಿಸಿನೀರು ಸಿಗಬಹುದಾ?"

ಯಾರೂ ನಗಲಿಲ್ಲ. ಯಾರಿಗೂ ಏನೂ ಅನ್ನಿಸಲೇ ಇಲ್ಲ. ಆಯಿ "ಅಯ್ಯೋ, ಕೇಳ್ಬೇಕನ್ರಾ, ಕೂತ್ಕಳಿ" ಅಂತ ಶಾಲು ತೆಗೆದಿಟ್ಟು ಒಳಗೆ ಓಡಿದಳು. ತನಗಾಗಿ ಒಂದು ಗೆರಟೆ ಸುಡದವಳು, ಮನೆಗೆ ಬಂದವರ ಕಾಲಿಗಾಗಿ ಮಡಲು ಮುರಿದು ಒಲೆಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಹೆಂಚಿನ ಸಂದಿಯಿಂದ ಹೊಗೆ ಎದ್ದಿತು. ಫೋಟೋಗ್ರಾಫರ್ ಕ್ಯಾಮೆರಾವನ್ನು ಆ ಕಡೆಯಿಂದ ತಿರುಗಿಸಿಕೊಂಡ.

ಆಯಿ ಹಬೆಯಾಡುವ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಕೆಮ್ಮುತ್ತ, ಬಾಗಿಲಿಗೆ ಬಂದಳು. ಅಧ್ಯಕ್ಷರು ಪ್ಯಾಂಟು ಮಡಚಿಕೊಂಡು ಕಾಲು ಮುಂದೆ ಮಾಡಿದರು. ನಾನು ಬಕೆಟ್ಟು ಕಸಿದುಕೊಂಡೆ.

"ಬಾವಿ ಹಿತ್ತಲಲ್ಲಿದೆ. ನನ್ನ ಆಯಿಗೆ ಆಗೋ ನೀರು ನಿಮ್ಮ ಕಾಲಿಗೂ ಆಗ್ತದೆ."

"ಟೀಚರ್, ಇದೆಂಥಾ ಮಾತು? ಮನೆಗೆ ಬಂದವರಿಗೆ..."

"ಮನೆಗೆ ಬಂದು ಮಾಡಿದ್ದು ಸಾಕು. ಹೊರಡಿ."

ಆಯಿ "ಹಾಗೆಲ್ಲ ಹೇಳ್ಬ್ಯಾಡ್ವೇ" ಅನ್ನುತ್ತಿದ್ದಂತೆಯೇ ಅವಳ ರಟ್ಟೆ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಮಣೆ ಮೇಲೆ ಕೂರಿಸಿ, ಬೆನ್ನಿಗೆ ಬಿಸಿನೀರು ಹೊಯ್ದೆ. ಅವಳ ಬೆನ್ನೆಲುಬು ಒಂದೊಂದಾಗಿ ಕಾಣುತ್ತಿತ್ತು. ಮೊದಲ ಚೊಂಬಿಗೆ ಮೈ ಬಿಗಿ ಹಿಡಿದಳು, ಎರಡನೆಯದಕ್ಕೆ ಉಸಿರು ಬಿಟ್ಟಳು. ಹೊರಗೆ ಗಾಡಿಗಳು ಒಂದರ ಹಿಂದೊಂದು ಚಾಲೂ ಆದವು. ಆಯಿ ಕಣ್ಣು ಮುಚ್ಚಿಕೊಂಡು, ಮುಖದ ಮೇಲೆ ನೀರು ಇಳಿಯುತ್ತಿರುವಂತೆಯೇ, ಪಿಸುಗುಟ್ಟಿದಳು.

"ಹೊಗೆ ಹೊರಗೆ ಕಾಣ್ತದೆಯನೇ?"

"ಕಾಣ್ಲಿ" ಅಂದು ಇನ್ನೊಂದು ಮಡಲು ಒಲೆಗೆ ತುರುಕಿದೆ.