ಥರ್ಮಾಮೀಟರ್ ತಾತನ ಅಂಗೈ

ಗೋಡೆ, ತಾರಸಿಗಳಿಗೆ ಬಿಸಿಲಿನ ಶಾಖ ತಡೆಯುವ ಫೋಮ್ ಸ್ಪ್ರೇ ಮಾಡುವ ಆ ತಂಡದಲ್ಲಿ ಎಲ್ಲರೂ ಅವರನ್ನು ಥರ್ಮಾಮೀಟರ್ ತಾತ ಎಂದೇ ಕರೆಯುತ್ತಿದ್ದರು. ಲಾರಿಯಲ್ಲಿರುವ ಯಂತ್ರದಿಂದ ಗೋಡೆಯವರೆಗೆ ಉದ್ದನೆಯ ಪೈಪು. ಅದರೊಳಗೆ ಎರಡು ರಾಸಾಯನಿಕಗಳು ಬೆಚ್ಚಗೆ ಹರಿದು ಬಂದರೆ ಮಾತ್ರ ಫೋಮ್ ಉಬ್ಬಿ ಗಟ್ಟಿಯಾಗುತ್ತದೆ. ಪೈಪಿನುದ್ದಕ್ಕೂ ಅಂಗೈ ಆಡಿಸುತ್ತ ನಡೆದು, ಎಲ್ಲಿ ಶಾಖ ಸತ್ತಿದೆ ಎಂದು ಹೇಳುವುದರಲ್ಲಿ ತಾತನಿಗೆ ಸರಿಸಾಟಿ ಇರಲಿಲ್ಲ. ಇಪ್ಪತ್ತಾರು ವರ್ಷ ಆ ಕೈಯೇ ಮನೆಗೆ ಅನ್ನ ಹಾಕಿತ್ತು. ಈಗ ಸ್ಪ್ರೇ ಗನ್ ಹಿಡಿಯುವವಳು ಅವರ ಮಗಳೇ.

ಇತ್ತೀಚೆಗೆ ಅವರ ಅಂದಾಜು ತಪ್ಪುತ್ತಿತ್ತು. ಎರಡು ಗೋಡೆಗಳ ಫೋಮ್ ಕೆರೆದು ತೆಗೆಯಬೇಕಾಗಿ ಬಂದಾಗ ಸೂಪರ್‌ವೈಸರ್ ಮುಖಕ್ಕೆ ಹೊಡೆದಂತೆ ಹೇಳಿದ್ದ: "ತಾತ, ಇನ್ನೊಂದು ಹಾಳಾದ್ರೆ ನೀವು ಮನೇಲೇ ಇದ್ಬಿಡಿ."

ಆ ದಿನ ಗೋದಾಮಿನ ತಾರಸಿಯ ಕೆಲಸ. ಪೈಪು ತಣ್ಣನೆಯ ನೆಲಮಾಳಿಗೆ ಹಾದು ಬಿಸಿಲಿಗೆ ಬಂದಿತ್ತು. ಗನ್ ಒತ್ತಿದರೆ ಫೋಮ್ ಜೊಲ್ಲಿನಂತೆ ಸೋರಿತು.

"ಮೀಟರ್ ಐವತ್ತು ಡಿಗ್ರಿ ತೋರಿಸ್ತಿದೆಯಲ್ಲಪ್ಪಾ," ಎಂದಳು ಮಗಳು.

"ಮೀಟರ್ ಸುಳ್ಳು ಹೇಳತ್ತೆ, ನನ್ ಕೈ ಹೇಳಲ್ಲ. ಇರು." ಅಪ್ಪ ಕೆಳಗೆಲ್ಲ ಸವರಿ ಬಂದರು. "ಕೆಳಗೂ ಬೆಚ್ಚಗಿದೆ. ನೀನೇ ಗನ್ ನೆಟ್ಟಗೆ ಹಿಡೀತಿಲ್ಲ. ಬಾಣಂತನ ಮುಗಿಸಿ ಬಂದ್ಮೇಲೆ ಸೋಮಾರಿ ಆಗಿದೀಯ ಕಣೇ!"

ನಗುತ್ತಲೇ ಮಗಳು ತಾನೂ ಕೆಳಗಿಳಿದು ಪೈಪು ಮುಟ್ಟಿದಳು. ನಗು ಅಲ್ಲೇ ನಿಂತಿತು. ಪೈಪು ಮಂಜಿನಷ್ಟು ತಣ್ಣಗಿತ್ತು.

ಕಾರಣ ಅವಳಿಗೆ ತಕ್ಷಣ ಹೊಳೆಯಿತು. ಶಾಖ ಅಳೆಯುವ ಸೆನ್ಸರ್ ಇರುವುದು ಗನ್ನಿನ ಹತ್ತಿರ. ಬಿಸಿಲಿಗೆ ಅದು ಕಾದಿತ್ತು. ಇಡೀ ಪೈಪೇ ಕಾದಿದೆ ಎಂದುಕೊಂಡು ಯಂತ್ರ ಬಿಸಿ ಮಾಡುವುದನ್ನು ನಿಲ್ಲಿಸಿತ್ತು. ಇದನ್ನು ಕಲಿಸಿದ್ದೇ ಅಪ್ಪ. ಆದರೆ ಅಪ್ಪನ ಕೈಗೆ ಏನಾಗಿದೆ? ವರ್ಷಗಳಿಂದ ಇದ್ದ ಸಕ್ಕರೆ ಕಾಯಿಲೆ ಅವರ ಬೆರಳಿಗೂ ಇಳಿದು ಸ್ಪರ್ಶವನ್ನೇ ಕಸಿಯಿತೇ?

ಸೆನ್ಸರ್ ಇದ್ದ ತುದಿಯನ್ನು ನೆರಳಿಗೆ ಎಳೆದು ಒದ್ದೆ ಗೋಣಿ ಹೊದಿಸಿದಳು. ಸ್ವಲ್ಪ ಹೊತ್ತಿಗೆ ಯಂತ್ರ ಮತ್ತೆ ಪೈಪು ಕಾಯಿಸತೊಡಗಿತು, ಫೋಮ್ ಹುದುಗಿದ ಹಿಟ್ಟಿನಂತೆ ಉಬ್ಬಿತು.

"ಭಲೇ ತಾತ!" ಎಂದು ಸೂಪರ್‌ವೈಸರ್ ಕೂಗಿದ. ಮಗಳು ಅವನನ್ನು ತಿದ್ದದೆ ಗನ್ ಒತ್ತುತ್ತಲೇ ಇದ್ದಳು.

ಅಪ್ಪ ಅವಳ ಮುಖವನ್ನೇ ನೋಡಿದರು. "ಎಲ್ಲಿ ತಣ್ಣಗಿತ್ತು?"

"ಕೆಳಗೆ... ಪೂರ್ತಿ."

ಅವರು ಇಳಿದು ಹೋದರು. ಮೆಟ್ಟಿಲ ಮೇಲಿಂದ ಅವಳಿಗೆ ಕಂಡಿತು: ಅಪ್ಪ ಮಂಡಿಯೂರಿ ಈಗ ಬಿಸಿಯಾಗಿದ್ದ ಪೈಪಿಗೆ ಅಂಗೈ ಒತ್ತುತ್ತಿದ್ದರು, ಆಮೇಲೆ ಕೆನ್ನೆ, ಮತ್ತೆ ಅಂಗೈ.

ಮೇಲೆ ಬಂದವರೇ ಸೂಪರ್‌ವೈಸರ್‌ಗೆ ಹೇಳಿದರು: "ಅದು ಕಂಡುಹಿಡಿದಿದ್ದು ಇವಳು. ನನ್ ಕೈಗೆ ಏನೂ ಗೊತ್ತಾಗ್ತಿಲ್ಲ. ನಾಳೆಯಿಂದ ನಾನು ಬರಲ್ಲ."

ಲಾರಿಯಲ್ಲಿ ಮರಳುವಾಗ ಅಪ್ಪ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ, "ನಿನ್ ಮಗು ಸ್ನಾನದ ನೀರು ದಿನಾ ನಾನೇ ಮುಟ್ಟಿ ನೋಡ್ತಿದ್ದೆ, ಅಲ್ವೇನಮ್ಮಾ?" ಎಂದರು.

ನೀರು ಸುಡುತ್ತಿದ್ದರೂ ಆ ಕೈಗೆ ಗೊತ್ತಾಗುತ್ತಿರಲಿಲ್ಲ ಎಂಬುದು ಅವಳಿಗೆ ಆಗಲೇ ಅರಿವಾದದ್ದು. "ಇನ್ಮೇಲೆ ಮೊಣಕೈ ಅದ್ದಿ ನೋಡಪ್ಪಾ. ನಾನೂ ಹಾಗೇ ನೋಡೋದು," ಎಂದಳು.

"ಹೂಂ," ಎಂದ ಅಪ್ಪ ಕಿಟಕಿಯ ಕಡೆಗೆ ಮುಖ ತಿರುಗಿಸಿದರು.